ಅಮೆರಿಕದಲ್ಲಿ ಕೆಲಸ ಮಾಡುತ್ತಲೇ ಎಂ.ಎಸ್.ಎನ್ (ನರ್ಸಿಂಗ್ ಸ್ನಾತಕೋತ್ತರ ಪದವಿ): ಫೀಸಿಗೆ ದುಡ್ಡು ಹೊಂದಿಸುವುದು ಹೇಗೆ?

ನೈಟ್‌ಶಿಫ್ಟ್ ನರ್ಸ್:
ಎಲ್ಲರಿಗೂ ನಮಸ್ಕಾರ. ಇಬಿ-3 ಎಂಬ ಉದ್ಯೋಗ ಆಧಾರಿತ ವೀಸಾ ವರ್ಗದ ಮೂಲಕ ಗ್ರೀನ್ ಕಾರ್ಡ್ ಪಡೆದು ಬಂದ ಆರ್‌ಎನ್ (ನೋಂದಾಯಿತ ನರ್ಸ್) ನಾನು. ಊರಲ್ಲಿ ಮಾಡಿದ ಬಿ.ಎಸ್ಸಿ ನರ್ಸಿಂಗ್ ಇದೆ. ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ (ರೋಗಿಗಳನ್ನು ಪರೀಕ್ಷಿಸಿ ಔಷಧಿ ಬರೆಯುವ ಉನ್ನತ ದರ್ಜೆಯ ನರ್ಸ್) ಆಗಲು ಎಂ.ಎಸ್.ಎನ್ ಮಾಡಬೇಕು, ಪಾರ್ಟ್ ಟೈಮ್, ಮೂರು ವರ್ಷ, ಒಟ್ಟು ಫೀಸು 42,000 ಡಾಲರ್. ಆಸ್ಪತ್ರೆಯವರು ವರ್ಷಕ್ಕೆ 5,250 ಕೊಡುತ್ತಾರೆ. ಉಳಿದದ್ದಕ್ಕೆ ಗ್ರ್ಯಾಡ್ ಪ್ಲಸ್ (ಸ್ನಾತಕೋತ್ತರ ಓದಿಗೆ ಕೇಂದ್ರ ಸರ್ಕಾರ ಕೊಡುವ ಸಾಲ) ಮಾಡು ಅಂತ ಪರಿಚಯದವರು ಹೇಳುತ್ತಾರೆ. 2027ರ ಜನವರಿಗೆ ಸೇರಲೋ, ಆಗಸ್ಟ್‌ಗೋ?

ಲೆಕ್ಕದ ಪುಸ್ತಕ:
ಆಗಸ್ಟ್‌ಗೆ ಸೇರಿ. ಆ 5,250 ಡಾಲರ್ ಸುಮ್ಮನೆ ಬಂದ ಅಂಕಿಯಲ್ಲ. ತೆರಿಗೆ ಕಾನೂನಿನ ಸೆಕ್ಷನ್ 127ರ ಪ್ರಕಾರ ಉದ್ಯೋಗದಾತರು ತೆರಿಗೆಯಿಲ್ಲದೆ ಕೊಡಬಹುದಾದ ಮೊತ್ತ ಅದು, ಲೆಕ್ಕ ಕ್ಯಾಲೆಂಡರ್ ವರ್ಷಕ್ಕೆ. (2026ರ ನಂತರ ಹಣದುಬ್ಬರ ನೋಡಿ ಏರುತ್ತದೆ, ನಿಮ್ಮ ಆಸ್ಪತ್ರೆಯೂ ಏರಿಸಬೇಕೆಂದೇನಿಲ್ಲ.) ಜನವರಿಗೆ ಸೇರಿ 2029ರ ಡಿಸೆಂಬರ್‌ಗೆ ಮುಗಿಸಿದರೆ ಸಿಗುವುದು ಮೂರು ವರ್ಷದ ಪಾಲು, 15,750. ಆಗಸ್ಟ್‌ಗೆ ಸೇರಿ 2030ರ ಬೇಸಿಗೆಗೆ ಮುಗಿಸಿದರೆ ಅದೇ ಕೋರ್ಸು ನಾಲ್ಕು ಕ್ಯಾಲೆಂಡರ್ ವರ್ಷಗಳನ್ನು ಮುಟ್ಟುತ್ತದೆ: 21,000. ಫೀಸಿನ ಅರ್ಧ ಅಲ್ಲೇ ತೀರಿತು.

ಎಡವುವುದು ದಿನಾಂಕದಲ್ಲಿ. ಸಾಮಾನ್ಯವಾಗಿ ಗ್ರೇಡ್ ಬಂದಮೇಲೆ, ಅದೂ ಬಿ ಅಥವಾ ಮೇಲಿದ್ದರೆ ಮಾತ್ರ ದುಡ್ಡು ವಾಪಸ್. ಡಿಸೆಂಬರ್ ಗ್ರೇಡಿನ ಬಿಲ್ಲು ಜನವರಿಯಲ್ಲಿ ಪಾಸಾದರೆ ಅದು ಮುಂದಿನ ವರ್ಷದ ಮಿತಿಯನ್ನು ತಿನ್ನುತ್ತದೆ. ಎಚ್‌ಆರ್‌ಗೆ ಮೂರು ಪ್ರಶ್ನೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ: ವರ್ಷದ ಕೊನೆಯ ಅರ್ಜಿ ಯಾವ ದಿನದೊಳಗೆ? ಓದು ಮುಗಿದಮೇಲೆ ಎಷ್ಟು ಕಾಲ ಅಲ್ಲೇ ದುಡಿಯಬೇಕು? ಮಧ್ಯೆ ಬಿಟ್ಟರೆ ಪೂರ್ತಿ ಹಿಂದಿರುಗಿಸಬೇಕೋ, ಉಳಿದ ತಿಂಗಳಿಗೆ ತಕ್ಕಷ್ಟೋ? ಕ್ಲಿನಿಕಲ್ ಗಂಟೆಗಳು (ಕೋರ್ಸಿನ ಭಾಗವಾಗಿ ರೋಗಿಗಳ ಜೊತೆ ಮಾಡುವ ತರಬೇತಿ) ಶುರುವಾದಾಗ ನೀವು ಡ್ಯೂಟಿ ಕಡಿಮೆ ಮಾಡಿಕೊಂಡರೆ ಈ ಸೌಲಭ್ಯವೂ ಕಡಿಮೆಯಾಗಬಹುದು, ಅದನ್ನೂ ವಿಚಾರಿಸಿ.

ಕರಾವಳಿ ಆರ್‌ಎನ್:
ಗ್ರ್ಯಾಡ್ ಪ್ಲಸ್ ಮರೆತುಬಿಡಿ. 2026ರ ಜುಲೈ 1ರಿಂದ ಹೊಸಬರಿಗೆ ಅದು ಇಲ್ಲ. ಉಳಿದಿರುವುದು ಸರ್ಕಾರದ್ದೇ ಡೈರೆಕ್ಟ್ ಅನ್‌ಸಬ್ಸಿಡೈಸ್ಡ್ (ಬಡ್ಡಿಗೆ ಸರ್ಕಾರದ ನೆರವಿಲ್ಲದ) ಸಾಲ: ಗ್ರ್ಯಾಜುಯೇಟ್ ವಿದ್ಯಾರ್ಥಿಗೆ ವರ್ಷಕ್ಕೆ 20,500, ಒಟ್ಟು 1,00,000. ವೈದ್ಯಕೀಯ, ಕಾನೂನಿನಂಥ ‘ಪ್ರೊಫೆಷನಲ್’ ಪದವಿಗಳಿಗೆ ವರ್ಷಕ್ಕೆ 50,000 ಇದೆ. ಆದರೆ 2025ರ ಕೊನೆಗೆ ಶಿಕ್ಷಣ ಇಲಾಖೆ ಮುಂದಿಟ್ಟ ಕರಡು ವ್ಯಾಖ್ಯೆಯಲ್ಲಿ ನರ್ಸಿಂಗನ್ನು ಸೇರಿಸಲಿಲ್ಲ. ನನಗೆ ಇದು ದೊಡ್ಡ ಅನ್ಯಾಯವೆಂದೇ ಅನ್ನಿಸುತ್ತದೆ.

ಪಾರ್ಟ್ ಟೈಮ್ ಆದ್ದರಿಂದ ಇನ್ನೊಂದು ಕತ್ತರಿ: ಹೊಸ ನಿಯಮದಲ್ಲಿ ಕ್ರೆಡಿಟ್ ಕಡಿಮೆಯಾದಷ್ಟು ಸಾಲದ ಮಿತಿಯೂ ಇಳಿಯುತ್ತದೆ. ಕಾಲೇಜಿನಲ್ಲಿ 9 ಕ್ರೆಡಿಟ್ ಫುಲ್ ಟೈಮ್ ಆಗಿದ್ದು ನೀವು 6 ತೆಗೆದುಕೊಂಡರೆ ವರ್ಷದ ಮಿತಿ ಸುಮಾರು 13,700. ಹಾಫ್ ಟೈಮ್‌ಗಿಂತ ಕೆಳಗಿಳಿದರೆ ಸಾಲವೇ ಇಲ್ಲ. ನಿಮಗೆ ವರ್ಷಕ್ಕೆ ಬೇಕಾಗುವುದು 7,000ದ ಆಸುಪಾಸು, ಹಾಗಾಗಿ ಸಾಕು. ಬಡ್ಡಿ ಮೊದಲ ಕಂತು ಕೈಗೆ ಬಂದ ದಿನದಿಂದಲೇ ಓಡುತ್ತದೆ, ಮಂಜೂರಾದದ್ದೆಲ್ಲ ತೆಗೆದುಕೊಳ್ಳಬೇಡಿ.

ಗ್ರೀನ್ ಕಾರ್ಡ್ ಇರುವುದರಿಂದ ಎಫ್‌ಎಎಫ್‌ಎಸ್‌ಎ (ಸರ್ಕಾರಿ ಶಿಕ್ಷಣ ನೆರವಿನ) ಅರ್ಜಿ ಹಾಕಬಹುದು. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ಈ ಬಾಗಿಲು ಇಲ್ಲ. ಗ್ರ್ಯಾಜುಯೇಟ್ ವಿದ್ಯಾರ್ಥಿಗೆ ಅಪ್ಪ ಅಮ್ಮನ ಆದಾಯ ಕೇಳುವುದಿಲ್ಲ. ಫೀಸು ಕಟ್ಟುವ ಮುಂಚೆ ಕೋರ್ಸಿಗೆ ನರ್ಸಿಂಗ್ ಶಿಕ್ಷಣದ ಮಾನ್ಯತೆ ಸಂಸ್ಥೆಗಳಾದ ಸಿಸಿಎನ್‌ಇ ಅಥವಾ ಎಸಿಇಎನ್ ಮಾನ್ಯತೆ ಇದೆಯಾ ನೋಡಿ.

ನೈಟ್‌ಶಿಫ್ಟ್ ನರ್ಸ್:
ತುಂಬಾ ಥ್ಯಾಂಕ್ಸ್. ನರ್ಸ್ ಕೋರ್ ಎಂಬ ಸರ್ಕಾರಿ ಯೋಜನೆ ಸಾಲ ತೀರಿಸಿಕೊಡುತ್ತದೆ ಅಂತ ಕೇಳಿದ್ದೆ. ಅದನ್ನು ನಂಬಿ ಹೆಚ್ಚು ಸಾಲ ಮಾಡಬಹುದಾ?

ಕರಾವಳಿ ಆರ್‌ಎನ್:
ಬೇಡ. ಅದಕ್ಕೆ ಪೈಪೋಟಿ ಇದೆ, ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ. ಸಿಕ್ಕರೆ, ಸಿಬ್ಬಂದಿ ಕೊರತೆ ಇರುವ ಅರ್ಹ ಆಸ್ಪತ್ರೆಯಲ್ಲಿ ಎರಡು ವರ್ಷ ಫುಲ್ ಟೈಮ್ ದುಡಿದಾಗ ನರ್ಸಿಂಗ್ ಸಾಲದ 60 ಶೇಕಡಾ, ಮೂರನೇ ವರ್ಷಕ್ಕೆ ಮತ್ತೆ 25 ಶೇಕಡಾ. ಆ ಹಣಕ್ಕೆ ತೆರಿಗೆ ಇದೆ. ಈ ಸಾಲವನ್ನು ನರ್ಸಿಂಗ್‌ಗೆ ಸಂಬಂಧಿಸದ ಸಾಲದ ಜೊತೆ ಕನ್ಸಾಲಿಡೇಟ್ ಮಾಡಿದರೆ (ಸೇರಿಸಿ ಒಂದೇ ಸಾಲವಾಗಿಸಿದರೆ) ಅರ್ಹತೆ ಹೋಗುತ್ತದೆ.

ಲಾಭರಹಿತ ಅಥವಾ ಸರ್ಕಾರಿ ಆಸ್ಪತ್ರೆಯಾದರೆ ಪಿಎಸ್‌ಎಲ್‌ಎಫ್ (ಸಾರ್ವಜನಿಕ ಸೇವೆ ಮಾಡುವವರ ಸಾಲ ಮನ್ನಾ ಯೋಜನೆ) ಇದೆ, 120 ಅರ್ಹ ಕಂತು ಕಟ್ಟಿದಮೇಲೆ ಉಳಿದದ್ದು ಮನ್ನಾ. ನಿಮ್ಮ ಸುಮಾರು 21,000 ಸಾಲ ಅಷ್ಟರೊಳಗೆ ಹೆಚ್ಚುಕಡಿಮೆ ತೀರಿಹೋಗಿರುತ್ತದೆ, ಹಾಗಾಗಿ ಅದಕ್ಕೋಸ್ಕರ ಕೆಲಸ ಆರಿಸಿಕೊಳ್ಳಬೇಡಿ.

ಲೆಕ್ಕದ ಪುಸ್ತಕ:
ಒಂದು ಬಿಟ್ಟುಹೋಯಿತು. ಆಸ್ಪತ್ರೆ ಕೊಡದ ಫೀಸಿನ ಮೇಲೆ, ಸಾಲದಿಂದ ಕಟ್ಟಿದ್ದರೂ, ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಎಂಬ ತೆರಿಗೆ ರಿಯಾಯಿತಿ ಸಿಗುತ್ತದೆ: ಮೊದಲ 10,000ದ 20 ಶೇಕಡಾ. ನಿಮ್ಮ 7,000ಕ್ಕೆ 1,400 ಡಾಲರ್ ತೆರಿಗೆ ಕಡಿತ. ಆದಾಯ ಒಬ್ಬರಿಗೆ 80,000, ದಂಪತಿಗೆ 1,60,000 ದಾಟಿದರೆ ಇಳಿಯುತ್ತಾ ಬಂದು 90,000, 1,80,000ಕ್ಕೆ ಪೂರ್ತಿ ನಿಲ್ಲುತ್ತದೆ. ಮದುವೆಯಾಗಿದ್ದು ರಿಟರ್ನ್ ಬೇರೆಬೇರೆ ಹಾಕಿದರೆ ಸಿಗುವುದಿಲ್ಲ. ಕಾಲೇಜು ಕಳಿಸುವ 1098-ಟಿ (ಫೀಸಿನ ವಿವರದ ಫಾರ್ಮ್) ಇಟ್ಟುಕೊಂಡು, ಈ ರಿಯಾಯಿತಿ ಕೇಳುವ ಫಾರ್ಮ್ 8863 ತುಂಬಿ.