ಸ್ಟೋರೇಜ್ ಶೆಲ್ಫ್‌ನಲ್ಲಿ ಡಿಸ್ಕ್ ಹೋಗಿದೆ: ಬದಲಿಸುವುದು, ಪರೀಕ್ಷಿಸುವುದು ಹೇಗೆ?

ಪ್ರಶ್ನೆ: 12 ಸ್ಲಾಟಿನ ಸ್ಯಾಸ್ (ಸರ್ವರ್ ಡಿಸ್ಕ್‌ಗಳ ಸಂಪರ್ಕ ವಿಧಾನ) ಶೆಲ್ಫ್, 8 ಟಿಬಿಯ 11 ಡಿಸ್ಕ್, ಝಡ್‌ಎಫ್‌ಎಸ್ ಫೈಲ್‌ಸಿಸ್ಟಮ್‌ನ ರೇಡ್‌ಝಡ್2 (ಎರಡು ಡಿಸ್ಕ್ ಹೋದರೂ ಡೇಟಾ ಉಳಿಯುವ ಜೋಡಣೆ). ಒಂದು ಡಿಸ್ಕ್ ‘ಫಾಲ್ಟೆಡ್’ ತೋರಿಸುತ್ತಿದೆ. ಬದಲಿಗೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ಸಿಕ್ಕಿದೆ. ಬಲ್ಲವರು ತಿಳಿಸಿ.

ಉತ್ತರ 1
ಹೋಗಿರುವುದು ಡಿಸ್ಕೇ ಹೌದಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ವರದಿಯಲ್ಲಿ ಗ್ರೋನ್ ಡಿಫೆಕ್ಟ್ (ಬಳಕೆಯಲ್ಲಿ ಕೆಟ್ಟ ಜಾಗಗಳು) ಸಂಖ್ಯೆ, ಅನ್‌ಕರೆಕ್ಟೆಡ್ ರೀಡ್ ಎರರ್ (ಸರಿಪಡಿಸಲಾಗದ ಓದುವ ದೋಷ) ಏರುತ್ತಿದ್ದರೆ ಡಿಸ್ಕ್ ಕೆಟ್ಟಿದೆ. ಅವೆರಡೂ ಸೊನ್ನೆಯಿದ್ದು ಇನ್‌ವ್ಯಾಲಿಡ್ ಡಿವರ್ಡ್ (ಸಂಪರ್ಕದಲ್ಲಿ ಕೆಟ್ಟುಬಂದ ಸಂಕೇತಗಳ) ಎಣಿಕೆ ಮಾತ್ರ ಏರುತ್ತಿದ್ದರೆ ಕೇಬಲ್ ಅಥವಾ ಬ್ಯಾಕ್‌ಪ್ಲೇನ್ (ಡಿಸ್ಕ್‌ಗಳು ಕೂರುವ ಹಿಂಬದಿಯ ಬೋರ್ಡ್) ಮೇಲೆ ಅನುಮಾನ ಪಡಿ. ಡಿಸ್ಕನ್ನು ಖಾಲಿ ಸ್ಲಾಟಿಗೆ ಹಾಕಿ ನೋಡಿ. ಎರರ್ ಅದರ ಜೊತೆ ಬಂದರೆ ದೋಷ ಡಿಸ್ಕಿನದು. ಬರದೆ ನಿಂತರೆ ಹಳೆಯ ಸ್ಲಾಟಿನದು, ಹೊಸ ಡಿಸ್ಕಿಗೆ ದುಡ್ಡು ಹಾಕಿ ಪ್ರಯೋಜನವಿಲ್ಲ.

ಉತ್ತರ 2
ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳನ್ನು ನಂಬಿ ಡಿಸ್ಕ್ ಎಳೆಯಬೇಡಿ, ರೀಬೂಟ್ ಆದರೆ ಅವು ಬದಲಾಗುತ್ತವೆ. ಸೀರಿಯಲ್ ನಂಬರ್ ಬರೆದುಕೊಂಡು, ಲೆಡ್‌ಸಿಟಿಎಲ್ ಕಮಾಂಡ್‌ನಿಂದ ಆ ಸ್ಲಾಟಿನ ದೀಪ ಮಿನುಗಿಸಿ. ಡಿಸ್ಕ್ ಪೂರ್ತಿ ಸತ್ತಿದ್ದರೆ ಉಳಿದ ಹತ್ತರ ದೀಪ ಹಚ್ಚಿ, ಹತ್ತದೇ ಉಳಿದದ್ದೇ ಅದು. ಆಫ್‌ಲೈನ್ ಮಾಡಿ, ಒಂದಿಂಚು ಎಳೆದು, ಪ್ಲ್ಯಾಟರ್ (ಒಳಗಿನ ತಟ್ಟೆ) ತಿರುಗುವುದು ನಿಲ್ಲಲು ಅರ್ಧ ನಿಮಿಷ ಬಿಟ್ಟು ಹೊರತೆಗೆಯಿರಿ.

ಉತ್ತರ 3
ಸ್ವಲ್ಪ ತಡೆಯಿರಿ. ಖಾಲಿ ಸ್ಲಾಟ್ ಇರುವಾಗ ಮೊದಲೇ ಆಫ್‌ಲೈನ್ ಏಕೆ? ಹಳೆಯದು ಇನ್ನೂ ಓದುತ್ತಿದ್ದರೆ ಝಡ್‌ಪೂಲ್ ಕ್ಲಿಯರ್ (ದೋಷದ ಗುರುತು ಅಳಿಸುವ ಕಮಾಂಡ್) ಮಾಡಿ ಅದನ್ನು ಅಲ್ಲೇ ಬಿಡಿ. ಹೊಸದನ್ನು ಹನ್ನೆರಡನೇ ಸ್ಲಾಟಿಗೆ ಹಾಕಿ ಝಡ್‌ಪೂಲ್ ರಿಪ್ಲೇಸ್ ಕೊಡಿ. ರಿಸಿಲ್ವರ್ (ಹೊಸ ಡಿಸ್ಕಿಗೆ ಡೇಟಾ ತುಂಬುವ ಕೆಲಸ) ನಡೆಯುವಾಗ ಇನ್ನೊಂದು ಡಿಸ್ಕಿನಲ್ಲಿ ಓದಲಾಗದ ಸೆಕ್ಟರ್ ಸಿಕ್ಕರೂ ಹಳೆಯದು ನೆರವಿಗೆ ಬರುತ್ತದೆ. ಮುಗಿದ ಮೇಲೆ ಒಂದು ಸ್ಕ್ರಬ್ (ಇಡೀ ಡೇಟಾ ಓದಿ ಸರಿಯಿದೆಯೇ ನೋಡುವುದು) ಆಗಲೇಬೇಕು.

ಉತ್ತರ 4
ಸೆಕೆಂಡ್ ಹ್ಯಾಂಡ್ ಡಿಸ್ಕಿನ ವಿಷಯ. ದೊಡ್ಡ ಸ್ಟೋರೇಜ್ ಅರೇಗಳಿಂದ ಬಂದವುಗಳಲ್ಲಿ ಹಲವು 520 ಬೈಟ್ ಸೆಕ್ಟರಿನವು, ಲಿನಕ್ಸ್ ಅವನ್ನು ಒಪ್ಪುವುದಿಲ್ಲ. ಎಸ್‌ಜಿ ಫಾರ್ಮ್ಯಾಟ್ ಕಮಾಂಡ್‌ನಿಂದ 512ಕ್ಕೆ ಇಳಿಸಿ, ಪ್ರೊಟೆಕ್ಷನ್ ಇನ್ಫರ್ಮೇಶನ್ (ಸೆಕ್ಟರ್ ಜೊತೆ ಇಡುವ ತಪಾಸಣೆ ಬೈಟ್‌ಗಳು) ಸೊನ್ನೆ ಮಾಡಿ. 8 ಟಿಬಿಗೆ ಹಲವು ಗಂಟೆ ಬೇಕು. ನಡುವೆ ಕರೆಂಟ್ ಹೋದರೆ ಡಿಸ್ಕ್ ‘ಫಾರ್ಮ್ಯಾಟ್ ಕರಪ್ಟ್’ ಸ್ಥಿತಿಗೆ ಬಿದ್ದು ಮೊದಲಿನಿಂದ ಶುರುಮಾಡಬೇಕಾಗುತ್ತದೆ, ಹಾಗಾಗಿ ಯುಪಿಎಸ್ ಇರಲಿ.

ಆಮೇಲೆ ಡಿಸ್ಕ್ ತನ್ನನ್ನೇ ಪರೀಕ್ಷಿಸಿಕೊಳ್ಳುವ ಲಾಂಗ್ ಸೆಲ್ಫ್‌ಟೆಸ್ಟ್, ಅದು ಪಾಸಾದರೆ ಕೆಟ್ಟ ಜಾಗ ಹುಡುಕುವ ಬ್ಯಾಡ್‌ಬ್ಲಾಕ್ಸ್ ಕಮಾಂಡಿನ ರೈಟ್ ಟೆಸ್ಟ್. ಇದು ಇರುವುದನ್ನೆಲ್ಲ ಅಳಿಸುತ್ತದೆ, ಡಿವೈಸ್ ಹೆಸರನ್ನು ಎರಡು ಸಲ ನೋಡಿ. ಬ್ಲಾಕ್ ಗಾತ್ರ 4096 ಕೊಡಿ, ತಾನಾಗಿ ಹಿಡಿಯುವ 1024ರಲ್ಲಿ 4 ಟಿಬಿ ಆಸುಪಾಸಿಗೇ ಅದರ ಲೆಕ್ಕ ಮುಗಿಯುತ್ತದೆ. ನಾಲ್ಕು ಪ್ಯಾಟರ್ನ್ ಬರೆದು ಓದುವುದೆಂದರೆ ಎಂಟು ಸುತ್ತು. ಸೆಕೆಂಡಿಗೆ 200 ಎಂಬಿ ವೇಗದಲ್ಲಿ ಸುತ್ತಿಗೆ 11 ಗಂಟೆ, ಒಟ್ಟು ಸುಮಾರು ನಾಲ್ಕು ದಿನ. ಪೂಲ್‌ನಲ್ಲಿ (ಡಿಸ್ಕ್‌ಗಳ ಗುಂಪಿನಲ್ಲಿ) ಇನ್ನೊಂದು ಡಿಸ್ಕ್ ಹೋದರೂ ತಡೆಯುವ ಬಲ ಉಳಿದಿದೆ, ಬ್ಯಾಕಪ್ ಸರಿಯಿದ್ದರೆ ನಾಲ್ಕು ದಿನ ಕಾಯುವುದೇ ಮೇಲು. ಗ್ರೋನ್ ಡಿಫೆಕ್ಟ್ ಮೊದಲು ಎಷ್ಟಿತ್ತು, ಈಗೆಷ್ಟು ನೋಡಿ. ಒಂದೇ ಒಂದು ಹೆಚ್ಚಿದ್ದರೂ ವಾಪಸ್ ಕಳಿಸಿ.

ಉತ್ತರ 5
ಎಸ್‌ಎಸ್‌ಡಿ ಇರುವವರು ಫರ್ಮ್‌ವೇರನ್ನೂ (ಡಿಸ್ಕಿನ ಒಳಗಿನ ಸಾಫ್ಟ್‌ವೇರ್) ನೋಡಿ. ಎಚ್‌ಪಿಇಯ ಕೆಲವು ಸ್ಯಾಸ್ ಎಸ್‌ಎಸ್‌ಡಿಗಳು 32,768 ಗಂಟೆ ಓಡಿದೊಡನೆ ಸತ್ತುಹೋಗುತ್ತವೆಂದು ಕಂಪನಿಯೇ 2019ರ ನವೆಂಬರ್‌ನಲ್ಲಿ ಎಚ್ಚರಿಸಿತ್ತು. ಒಂದೇ ದಿನ ಹಾಕಿದವು ಒಟ್ಟಿಗೇ ಹೋಗುವುದರಿಂದ ಅಲ್ಲಿ ರೇಡ್ ಕಾಪಾಡುವುದಿಲ್ಲ. ಬದಲಿ ಡಿಸ್ಕನ್ನು ಅದೇ ಬ್ಯಾಚಿನಿಂದ ತರಬೇಡಿ.