ಉರಿಯೂತ ಸರಿ, ಆದರೆ ‘ಸಿಗ್ನಲಿಂಗ್’ಗೆ ಏನನ್ನೋಣ?

ತಿರುಮಲಾದೇವಿ ಕನ್ನೆಗಂಟಿ ಅವರ ಸಂಶೋಧನೆಯ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದಾಗಲೆಲ್ಲ ಪೆನ್ನು ನಿಲ್ಲುತ್ತದೆ. ಬಲ್ಲವರು ಸ್ವಲ್ಪ ದಾರಿ ತೋರಿಸಬೇಕು.

ಅವರ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ತೆಲಂಗಾಣದ ಕಲ್ಲಿದ್ದಲ ಗಣಿಯ ಊರು ಕೊತ್ತಗೂಡೆಂನವರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ ಅಮೆರಿಕಕ್ಕೆ ಹೋದರು. ಅಲ್ಲಿ ಮೊದಲು ಕೈಹಾಕಿದ್ದು ಗಿಡಗಳ ರೋಗಕ್ಕೆ. ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಅಂಗಮಾರಿ ಅಂದರೆ ಹೇಳಬೇಕಾಗಿಲ್ಲ, ಅಲ್ವಾ? ಆ ರೋಗ ತರುವ ಜೀವಿಯ ಪ್ರೋಟೀನುಗಳು ಎಲೆಯ ಜೀವಕೋಶಗಳನ್ನು ಹೇಗೆ ಸಾಯಿಸುತ್ತವೆ ಅನ್ನೋದನ್ನು ಅವರು ನೋಡುತ್ತಿದ್ದರು. ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಗೇಬ್ರಿಯಲ್ ನೂನ್ಯೆಸ್ ಅವರ ಪ್ರಯೋಗಾಲಯ ಸೇರಿ ಪ್ರಾಣಿಗಳ ಕಡೆ ತಿರುಗಿದರು. 2007ರಲ್ಲಿ ಮೆಂಫಿಸ್‌ನ ಸೇಂಟ್ ಜ್ಯೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆಯಲ್ಲಿ ತಮ್ಮದೇ ಪ್ರಯೋಗಾಲಯ ಕಟ್ಟಿದರು. ಗಿಡ ಹೋಗಿ ಇಲಿ ಬಂತು. ಆದರೆ ರೋಗಾಣು ಒಳಗೆ ಬಂದಾಗ ಜೀವಕೋಶ ಯಾಕೆ ಸಾಯುತ್ತದೆ, ಆ ಸಾವಿನಿಂದ ಯಾರಿಗೆ ಲಾಭ ಎಂಬ ಪ್ರಶ್ನೆ ಮಾತ್ರ ಬದಲಾಗಲಿಲ್ಲ.

ಮೊದಲ ಪದ ಉರಿಯೂತ, ಅಂದರೆ ಇಂಗ್ಲಿಷಿನ ಇನ್‌ಫ್ಲಮೇಶನ್. ಇದರ ಬಗ್ಗೆ ನನಗೆ ತಕರಾರಿಲ್ಲ, ಹೊಗಳಿಕೆಯೇ ಜಾಸ್ತಿ. ರೋಮಿನ ಸೆಲ್ಸಸ್ ಒಂದನೇ ಶತಮಾನದಲ್ಲೇ ಇದಕ್ಕೆ ನಾಲ್ಕು ಲಕ್ಷಣ ಹೇಳಿದ್ದ: ಕೆಂಪು, ಊತ, ಬಿಸಿ, ನೋವು. ನಮ್ಮ ಪದದಲ್ಲಿ ಊತ ನೇರವಾಗಿಯೇ ಇದೆ. ‘ಉರಿ’ ಅನ್ನೋದರಲ್ಲಿ ಬಿಸಿಯೂ ಬಂತು, ನೋವೂ ಬಂತು. ಗಾಯ ಉರಿಯುತ್ತದೆ, ಒಲೆಯೂ ಉರಿಯುತ್ತದೆ. ನಾಲ್ಕರಲ್ಲಿ ಮೂರು ಒಂದೇ ಪದದಲ್ಲಿ ಸಿಕ್ಕವು, ಕೆಂಪು ಒಂದು ಹೊರಗುಳಿಯಿತು. ಯಾರು ಕಟ್ಟಿದರೋ, ಚೆನ್ನಾಗಿಯೇ ಕಟ್ಟಿದ್ದಾರೆ.

ಹಳೆಯ ಆರೋಗ್ಯ ಬರಹಗಳಲ್ಲಿ ಇದಕ್ಕೇ ‘ಬಾವು’ ಎಂದು ಹಾಕಿದ್ದನ್ನೂ ಓದಿದ್ದೇನೆ. ತೆಲುಗಿನಲ್ಲಿ ಊತಕ್ಕೆ ವಾಪು ಅನ್ನುತ್ತಾರೆ. ವೇರು ಬೇರಾದ ಹಾಗೆ, ವೆಲ್ಲುಲ್ಲಿ ಬೆಳ್ಳುಳ್ಳಿಯಾದ ಹಾಗೆ, ವಾಪು ಮತ್ತು ಬಾವು ಒಂದೇ ಬಳ್ಳಿಯವು ಅನಿಸುತ್ತದೆ. ಆದರೆ ಈಗ ಬಾವು ಅಂದಕೂಡಲೇ ಓದುಗರಿಗೆ ಕುರು, ಕೀವು ನೆನಪಾಗುತ್ತದೆ. ಹಾಗಾಗಿ ಅದನ್ನು ಬಿಟ್ಟಿದ್ದೇನೆ.

ಉರಿಯೂತ ಅನ್ನೋದು ವೈದ್ಯರು ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ಹೇಳುವ ಮಾತು. ಕನ್ನೆಗಂಟಿ ಅವರಂಥವರು ನೋಡುವುದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳನ್ನು. ಅಲ್ಲಿ ಕಾಲೂ ಇಲ್ಲ, ಮಂಡಿಯೂ ಇಲ್ಲ. ಊತ ಎಲ್ಲಿಂದ ಬರಬೇಕು? ಇದನ್ನೇ ತಲೆಯಲ್ಲಿಟ್ಟುಕೊಂಡು ಅವರ ಕೆಲಸ ಓದುತ್ತಾ ಹೋದರೆ ತಮಾಷೆಯ ಉತ್ತರ ಸಿಗುತ್ತದೆ.

2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರ ಪ್ರಬಂಧ ಬಂತು. ಬ್ಯಾಕ್ಟೀರಿಯಾದ ಆರ್‌ಎನ್‌ಎ ಸಿಕ್ಕಾಗ ಕ್ರಯೋಪೈರಿನ್ ಎಂಬ ಪ್ರೋಟೀನಿನ ಮೂಲಕ ಕ್ಯಾಸ್ಪೇಸ್-1 ಎಂಬ ಕಿಣ್ವ ಚುರುಕಾಗುತ್ತದೆ ಎಂದು ಅದು ತೋರಿಸಿತು. ಈಗ ಆ ಪ್ರೋಟೀನನ್ನು ಎನ್‌ಎಲ್‌ಆರ್‌ಪಿ3 ಎನ್ನುತ್ತಾರೆ. ಅದೇ ವರ್ಷ, ಅದೇ ಪತ್ರಿಕೆಯಲ್ಲಿ, ಸ್ವಿಟ್ಜರ್‌ಲೆಂಡಿನ ಯುರ್ಗ್ ಚೋಪ್ ಅವರ ತಂಡ ಗೌಟ್ ರೋಗದ ಯೂರಿಕ್ ಆಮ್ಲದ ಹರಳುಗಳೂ ಇದೇ ಪ್ರೋಟೀನನ್ನು ಎಬ್ಬಿಸುತ್ತವೆ ಎಂದು ತೋರಿಸಿತು. ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಜೀವ ಹೋಗುವಂತಾಗುತ್ತದಲ್ಲ, ಅದರ ಹಿಂದಿನ ಕೈ ಇದು.

ಕ್ರಯೋಪೈರಿನ್ ಹೆಸರಿನಲ್ಲೇ ಒಂದು ಕಥೆಯಿದೆ. ಮೈಗೆ ಚಳಿ ತಾಗಿದರೆ ಜ್ವರ ಬರುವ ಕೆಲವು ಕುಟುಂಬಗಳಲ್ಲಿ ಈ ಜೀನಿನ ದೋಷ ಸಿಕ್ಕಿತ್ತು. ಹಾಗಾಗಿ ಗ್ರೀಕಿನಲ್ಲಿ ಚಳಿ, ಜ್ವರ ಎರಡನ್ನೂ ಸೇರಿಸಿ ಹೆಸರಿಟ್ಟರು. ಕನ್ನಡ ಮಾಡಲು ಹೋದರೆ ‘ಚಳಿಜ್ವರ’ ಆಗುತ್ತದೆ. ಅದು ನಮ್ಮಲ್ಲಿ ಆಗಲೇ ಮಲೇರಿಯಾಕ್ಕೆ ಹೋಗಿಬಿಟ್ಟಿದೆ. ಹೆಸರನ್ನು ಹೆಸರಾಗಿಯೇ ಬಿಡೋದು ವಾಸಿ.

ಉರಿಯೂತಕ್ಕೆ ಚಾಲನೆ ಕೊಡುವ ಇಂಥ ಪ್ರೋಟೀನುಗಳ ಗುಂಪಿಗೆ ಇನ್‌ಫ್ಲಮಸೋಮ್ ಎಂಬ ಪದವನ್ನು 2002ರಲ್ಲಿ ಚೋಪ್ ಅವರ ತಂಡವೇ ಹುಟ್ಟುಹಾಕಿತು. ಅದನ್ನೂ ನಾನು ಮುಟ್ಟುತ್ತಿಲ್ಲ. ರೈಬೋಸೋಮ್, ಕ್ರೋಮೋಸೋಮ್ ಕನ್ನಡವಾದ ಹಾಗೆ ಇದೂ ಆಗಲಿ. ಆದರೆ ಅದು ಮಾಡುವ ಕೆಲಸವನ್ನಾದರೂ ಕನ್ನಡದಲ್ಲಿ ಹೇಳಬೇಕಲ್ಲ. ಎನ್‌ಎಲ್‌ಆರ್‌ಪಿ3 ಅಪಾಯ ಕಂಡಕೂಡಲೇ ತನ್ನಂಥವನ್ನು ಗುಂಪು ಸೇರಿಸುತ್ತದೆ. ಆ ಗುಂಪು ಎಎಸ್‌ಸಿ ಎಂಬ ಇನ್ನೊಂದು ಪ್ರೋಟೀನನ್ನು ಎಳೆದುಕೊಳ್ಳುತ್ತದೆ. ಅಲ್ಲಿಯವರೆಗೆ ಜೀವಕೋಶದ ತುಂಬ ಮಂಕಾಗಿ ಹರಡಿದ್ದ ಎಎಸ್‌ಸಿ ಒಂದೇ ಕಡೆ ಮುದ್ದೆಗಟ್ಟುತ್ತದೆ. ಹೊಳೆಯುವ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಮಾನ್ಯವಾಗಿ ಒಂದು ಕೋಶಕ್ಕೆ ಒಂದೇ ಚುಕ್ಕೆ. ಅಲ್ಲಿಗೆ ಕ್ಯಾಸ್ಪೇಸ್-1 ಬಂದು ಚುರುಕಾಗುತ್ತದೆ, ಗ್ಯಾಸ್‌ಡರ್ಮಿನ್-ಡಿ ಎಂಬ ಪ್ರೋಟೀನನ್ನು ಕತ್ತರಿಸುತ್ತದೆ. ಕತ್ತರಿಸಿದ ತುಂಡುಗಳು ಜೀವಕೋಶದ ಪೊರೆಗೆ ತೂತು ಕೊರೆಯುತ್ತವೆ. ನೀರು ನುಗ್ಗಿ ಕೋಶ ಉಬ್ಬುತ್ತದೆ, ಕೊನೆಗೆ ಒಡೆಯುತ್ತದೆ. ಊತ ಎಲ್ಲಿಂದ ಬರಬೇಕು ಅಂದಿದ್ದೆನಲ್ಲ, ಇಲ್ಲಿಂದ! ಕೋಶವೇ ಊದಿಕೊಳ್ಳುತ್ತದೆ. ಉರಿಯೂತ ಅಣುಮಟ್ಟದಲ್ಲೂ ಪಾಸಾಯಿತು.

ಈ ಸಾವಿಗೆ ವಿಜ್ಞಾನಿಗಳು ಪೈರಾಪ್ಟೋಸಿಸ್ ಅನ್ನುತ್ತಾರೆ. ಇದಕ್ಕಿಂತ ಹಳೆಯದು, 1972ರದು, ಅಪಾಪ್ಟೋಸಿಸ್. ಎಲೆ ಉದುರುವುದು ಎಂಬ ಅರ್ಥದ ಗ್ರೀಕ್ ಪದ. ಅದರಲ್ಲಿ ಕೋಶ ಕುಗ್ಗಿ, ತುಂಡುತುಂಡಾಗಿ, ಅಕ್ಕಪಕ್ಕದವಕ್ಕೆ ಊಟವಾಗುತ್ತದೆ, ಗಲಾಟೆ ಇಲ್ಲ. ಮೂರನೆಯದು ನೆಕ್ರಾಪ್ಟೋಸಿಸ್, ಅದರಲ್ಲೂ ಪೊರೆ ಒಡೆಯುತ್ತದೆ. ಅಪಾಪ್ಟೋಸಿಸ್‌ಗೆ ‘ಉದುರುಸಾವು’, ಪೈರಾಪ್ಟೋಸಿಸ್‌ಗೆ ‘ಸಿಡಿಸಾವು’ ಎಂದು ಸುಮ್ನೆ ಬರೆದು ನೋಡಿದೆ. ಓದಲು ಹಿತವಾಗಿದೆ. ಆದರೆ ಎರಡು ಬಗೆಯ ಸಿಡಿತ ಇರುವಾಗ ಸಿಡಿಸಾವು ಯಾವುದಕ್ಕೆ? ಇಲ್ಲಿ ನನಗೆ ಸಲಹೆ ಬೇಕು. ಯಾಕೆಂದರೆ ಕನ್ನೆಗಂಟಿ ಅವರ ಮುಖ್ಯ ವಾದ ನಿಂತಿರುವುದೇ ಈ ಮೂರರ ಮೇಲೆ. 2016ರಲ್ಲಿ ಅವರ ತಂಡ ಫ್ಲೂ ವೈರಸ್ ಹೊಕ್ಕ ಕೋಶಗಳಲ್ಲಿ ಜೆಡ್‌ಬಿಪಿ1 ಎಂಬ ಒಂದೇ ಕಾವಲು ಪ್ರೋಟೀನು ಉರಿಯೂತಕ್ಕೂ ಕೋಶದ ಸಾವಿಗೂ ಚಾಲನೆ ಕೊಡುವುದನ್ನು ಕಂಡಿತು. ಒಂದು ಬಗೆಯ ಸಾವಿಗೆ ತಡೆ ಹಾಕಿದರೂ ಕೋಶ ಇನ್ನೊಂದರಿಂದ ಸಾಯುತ್ತದೆ. ಹಾಗಾದರೆ ಇವು ಬೇರೆ ಬೇರೆ ದಾರಿಗಳಲ್ಲ, ಒಂದರೊಳಗೊಂದು ಹೆಣೆದುಕೊಂಡಿವೆ ಎಂದು ಅವರು ವಾದಿಸಿದರು. ಮೂರರ ಮೊದಲಕ್ಷರ ಸೇರಿಸಿ 2019ರಲ್ಲಿ ಪ್ಯಾನಾಪ್ಟೋಸಿಸ್ ಎಂದು ಹೆಸರಿಟ್ಟರು. ಕನ್ನಡದಲ್ಲಿ ಪ್ಯಾನ್ ಅಂದರೆ ಆದಾಯ ತೆರಿಗೆಯ ಕಾರ್ಡು, ಏನು ಮಾಡೋಣ!

ಈಗ ನನ್ನ ನಿಜವಾದ ತಲೆನೋವು, ಸಿಗ್ನಲಿಂಗ್. ಜೀವಕೋಶದ ಒಳಗೆ, ಕೋಶದಿಂದ ಕೋಶಕ್ಕೆ ಮಾಹಿತಿ ದಾಟಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರೆ. ಪಠ್ಯಪುಸ್ತಕದ ದಾರಿ ಹಿಡಿದರೆ ‘ಸಂಕೇತ’ ಅಥವಾ ‘ಸಂಜ್ಞೆ’. ಸಂಕೇತ ಆಗಲೇ ತಳಿಸಂಕೇತಕ್ಕೆ ಕೊಟ್ಟಾಗಿದೆ. ಒಂದೇ ಲೇಖನದಲ್ಲಿ ಎರಡೂ ಬಂದರೆ ಓದುಗ ತಪ್ಪಿಹೋಗುತ್ತಾನೆ. ಸಂಜ್ಞೆ ಅಂದರೆ ನನ್ನ ಕಣ್ಣ ಮುಂದೆ ಬರುವುದು ಅಂಕಿ, ಗುರುತು, ವ್ಯಾಕರಣ. ‘ಸನ್ನೆ’ ಮುದ್ದಾದ ಪದ. ಆದರೆ ಕಣ್ಸನ್ನೆ, ಕೈಸನ್ನೆ ಎಲ್ಲ ದೂರದಿಂದ ಕಾಣುವಂಥವು. ಜೀವಕೋಶದಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಒಂದು ಪ್ರೋಟೀನು ಇನ್ನೊಂದಕ್ಕೆ ತಾಗುತ್ತದೆ, ಅದು ಆಕಾರ ಬದಲಿಸಿ ಮೂರನೆಯದಕ್ಕೆ ತಾಗುತ್ತದೆ. ಎಲ್ಲ ಮುಟ್ಟಿ ಆಗುವ ಕೆಲಸ.

‘ಸಿಗ್ನಲ್’ ಎಂದೇ ಬಿಡೋಣ ಅಂದರೆ ಅಲ್ಲೂ ಒಂದು ತೊಡಕು. ಬೆಂಗಳೂರಿನಲ್ಲಿ ‘ಸಿಗ್ನಲ್ ಬಿತ್ತು’ ಅಂದರೆ ಗಾಡಿ ನಿಲ್ಲಿಸು ಎಂದು. ರೈಲಿಗೆ ಕೈಮರ ಬಿದ್ದರೆ ಹೊರಡು ಎಂದು. ಜೀವಕೋಶಕ್ಕೆ ಬಿದ್ದರೆ ಯಾವುದು?

ಈಗಿನ ಮಟ್ಟಿಗೆ ನನ್ನ ಒಲವು ‘ಸುದ್ದಿ ಮುಟ್ಟಿಸು’ ಎಂಬುದರ ಕಡೆ. ಅದರಲ್ಲಿ ಮುಟ್ಟುವುದೂ ಇದೆ, ಸಾಗುವುದೂ ಇದೆ. ಕ್ಯಾಸ್ಪೇಸ್-1 ಕತ್ತರಿಸಿ ಸಿದ್ಧಮಾಡಿದ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಪ್ರೋಟೀನು ಆ ತೂತುಗಳಿಂದಲೇ ಹೊರಬಿದ್ದು ಬೇರೆ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಮಿದುಳಿನವರೆಗೆ ಮುಟ್ಟಿದರೆ ಜ್ವರ ಬರುತ್ತದೆ. ವಾಕ್ಯ ಸಲೀಸಾಗಿ ಓಡುತ್ತದೆ ನೋಡಿ. ಕೋವಿಡ್ ಕಾಲದ ಅವರ ಕೆಲಸವನ್ನೂ ಹೀಗೇ ಹೇಳಬಹುದು: ಅಂಥವೇ ಪ್ರೋಟೀನುಗಳಾದ ಟಿಎನ್‌ಎಫ್, ಇಂಟರ್‌ಫೆರಾನ್-ಗಾಮಾ ಎರಡೂ ಒಟ್ಟಿಗೆ ಸುದ್ದಿ ಮುಟ್ಟಿಸಿದಾಗ ಕೋಶಗಳು ಸತ್ತವು. ಎರಡಕ್ಕೂ ತಡೆ ಹಾಕಿದಾಗ ಸೋಂಕು ತಗುಲಿದ ಇಲಿಗಳಲ್ಲಿ ಸಾವು ಕಡಿಮೆಯಾಯಿತು.

ತೊಂದರೆ ಎರಡು. ನಮ್ಮ ಕಡೆ ‘ಸುದ್ದಿ ಬಂತು’ ಅಂದರೆ ಬಹಳ ಸಲ ಸಾವಿನ ಸುದ್ದಿಯೇ. ಈ ಲೇಖನಕ್ಕೆ ಅದು ಒಪ್ಪುತ್ತದೆ, ಬೆಳವಣಿಗೆಯ ಹಾರ್ಮೋನಿನ ಬಗ್ಗೆ ಬರೆಯುವಾಗ ಒಪ್ಪಲಿಕ್ಕಿಲ್ಲ. ಇನ್ನೊಂದು, ಕ್ರಿಯಾಪದವಾಗಿ ಚೆಂದ, ನಾಮಪದ ಮಾಡಿದರೆ ಕೆಡುತ್ತದೆ. ‘ಸುದ್ದಿಮುಟ್ಟಿಕೆ’ ಎಂದು ಶೀರ್ಷಿಕೆ ಹಾಕಿದರೆ ಯಾರು ಓದುತ್ತಾರೆ?

ಜೀವವಿಜ್ಞಾನ ಕನ್ನಡದಲ್ಲಿ ಪಾಠ ಮಾಡುವವರು ತರಗತಿಯಲ್ಲಿ ಬಾಯಿಮಾತಿಗೆ ಏನನ್ನುತ್ತೀರಿ? ಪುಸ್ತಕದ ಪದ ಬೇಡ, ಮಕ್ಕಳಿಗೆ ಅರ್ಥವಾದ ಪದ ಹೇಳಿ. ಹಾಗೆಯೇ ಉತ್ತರ ಕರ್ನಾಟಕದವರು, ಕರಾವಳಿಯವರು, ಒಬ್ಬರಿಂದೊಬ್ಬರಿಗೆ ಮುಟ್ಟಿಸುತ್ತ ಹೋಗುವ ಸುದ್ದಿಗೆ ನಿಮ್ಮಲ್ಲಿ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.