ಇನ್ಸಾಸ್ ರೈಫಲ್ ನಿಜಕ್ಕೂ ಅಷ್ಟು ಕೆಟ್ಟದ್ದಾ?

ಕೊಡಗಿನ ಹುಡುಗ: 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ ಸೇನೆಯ ಸ್ವದೇಶಿ ರೈಫಲ್ ಇನ್ಸಾಸ್ ಕೈಕೊಟ್ಟಿತು ಅಂತ ಎಲ್ಲರೂ ಹೇಳುತ್ತಾರೆ. ನಿಜಾನಾ, ಸುಮ್ನೆ ಕಥೆನಾ? ಸೇನೆಯಲ್ಲಿದ್ದವರು ಹೇಳಿ.

ಮಾಜಿ ಹವಾಲ್ದಾರ್: ಕಥೆ ಅಲ್ಲಪ್ಪ. ಆ ಚಳಿಗೆ ಗುಂಡು ತುಂಬುವ ಪ್ಲಾಸ್ಟಿಕ್ ಮ್ಯಾಗಜಿನ್ ಬಿರುಕು ಬಿಡುತ್ತಿತ್ತು, ಕೆಲವು ಸಲ ಹೊಡೆಯುತ್ತಿರುವಾಗಲೇ ಗುಂಡು ಒಳಗೆ ಸಿಕ್ಕಿಕೊಳ್ಳುತ್ತಿತ್ತು, ಕಣ್ಣಿಗೆ ಎಣ್ಣೆ ಸಿಡಿಯುತ್ತದೆ ಅನ್ನುವ ದೂರೂ ಇತ್ತು. ಆದರೆ ಗುರಿ ಮಾತ್ರ ಚೆನ್ನಾಗಿ ಕೂರುತ್ತಿತ್ತು.

ಬೆಳಗಾವಿ ಬಾಯ್: ಗುರಿ ಇಟ್ಕೊಂಡು ಏನು ಮಾಡೋದು ಸರ್, ಗುಂಡೇ ಹಾರದಿದ್ದರೆ? ಕಾಶ್ಮೀರದಲ್ಲಿದ್ದ ನಮ್ಮ ಮಾವ ಎಕೆ-47 ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಕೆಸರಾದರೂ ಮರಳಾದರೂ ಓಡುತ್ತೆ ಅನ್ನುತ್ತಿದ್ದರು.

ಮಾಜಿ ಹವಾಲ್ದಾರ್: ಹತ್ತಿರದ ಹೊಡೆದಾಟಕ್ಕೆ ಎಕೆನೇ ಸರಿ, ಒಪ್ಪಿದೆ. 300 ಮೀಟರ್ ದಾಟಿದರೆ ಅದರ ಗುರಿ ಚದುರುತ್ತೆ, ಅಲ್ವಾ? ಇನ್ಸಾಸ್ ಕೈಕೊಡಬಾರದು ಅಂತ ನಾವಂತೂ ದಿನಾ ಸಂಜೆ ಹಗ್ಗಕ್ಕೆ ಚಿಂದಿ ಕಟ್ಟಿ ಬ್ಯಾರೆಲ್ (ನಳಿಕೆ) ಒಳಗೆ ಎಳೆದು ಒರೆಸುತ್ತಿದ್ದೆವು. ಚಿಂದಿ ಬೆಳ್ಳಗೆ ಬರೋವರೆಗೂ ಊಟ ಇಲ್ಲ.